ಲೆವೆಲ್ ಪೈಪಿನಲ್ಲಿ ನೀರಿನ ಮಟ್ಟ ಹಿಡಿಯುವ ಕ್ರಮ: ಮನೆಯ ಪಾಯದಿಂದ ಹೊಲದ ಬದುವಿನವರೆಗೆ

“ಪೈಪ್ ಇಟ್ಟೇ ಲೆವೆಲ್ ನೋಡಿದ್ವಿ ಸಾರ್. ಆದ್ರೂ ಲಿಂಟಲ್ ಒಂದು ಕಡೆ ಅರ್ಧ ಇಂಚು ಇಳಿದಿದೆ. ಹೆಂಗೆ?” ಬಾಗಿಲು, ಕಿಟಕಿಯ ಮೇಲಿನ ಅಡ್ಡ ತೊಲೆಯಾದ ಲಿಂಟಲ್ ಬಗ್ಗೆ ಮನೆ ಕಟ್ಟಿಸುವವರು ಈ ಪ್ರಶ್ನೆ ಕೇಳಿದಾಗಲೆಲ್ಲ ನಾನು ಮೊದಲು ನೋಡುವುದು ಮೂರು ಸಂಗತಿ. ಪೈಪಿನೊಳಗೆ ಗಾಳಿ ಇತ್ತೇ? ಯಾರಾದರೂ ಒಂದು ತುದಿಗೆ ಹೆಬ್ಬೆರಳು ಒತ್ತಿಕೊಂಡೇ ನಿಂತಿದ್ದರೇ? ಗುರುತನ್ನು ಎಲ್ಲಿಂದ ಹೊರಡಿಸಿದರು? ಹತ್ತರಲ್ಲಿ ಆರೇಳು ಸಲ ಎಡವಟ್ಟು ಮೂರನೆಯದರಲ್ಲೇ ಇರುತ್ತದೆ.

ಕೆಲಸ ಕಷ್ಟದ್ದಲ್ಲ. ಆದರೆ ಕ್ರಮ ತಪ್ಪಿದರೆ ಒಂದು ದಿನದ ಕೆಲಸ ಮೂರು ದಿನ ಹಿಡಿಯುತ್ತದೆ, ಇಲ್ಲವೇ ತಪ್ಪು ಗೋಡೆಯೊಳಗೆ ಸೇರಿಹೋಗುತ್ತದೆ. ಹಾಗಾಗಿ ಇಲ್ಲಿ ಹೇಳಿದ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಮೊದಲು ಮಾತು: ‘ಮಟ್ಟ’ ಎಂದರೆ ಎಲ್ಲಿಂದ?

ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಜಲಾಶಯಗಳ ನೀರಿನ ಮಟ್ಟ ಬರುತ್ತದಲ್ಲ, ಅದನ್ನೇ ನೋಡಿ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ತುಂಗಭದ್ರಾ 1633 ಅಡಿ. ಲಿಂಗನಮಕ್ಕಿ 1819 ಅಡಿ. ಹಾಗಾದರೆ ಲಿಂಗನಮಕ್ಕಿ ಕೆಆರ್‌ಎಸ್‌ಗಿಂತ ಹದಿನಾಲ್ಕು ಪಟ್ಟು ಆಳವೇ? ಅಲ್ಲ. ಕೆಆರ್‌ಎಸ್‌ನ ಲೆಕ್ಕ ಅಲ್ಲಿಯ ನದಿಯ ತಳದ ಕಡೆಯಿಂದ ಎಣಿಸಿದ್ದು. ಉಳಿದೆರಡು ಸಮುದ್ರ ಮಟ್ಟದಿಂದ ಎಣಿಸಿದ್ದು. ಆಲಮಟ್ಟಿಯದು 519.60, ಅದು ಸಮುದ್ರ ಮಟ್ಟದಿಂದ, ಅದೂ ಮೀಟರಿನಲ್ಲಿ. ಎಲ್ಲಿಂದ ಎಣಿಸಿದ್ದು ಎಂದು ಗೊತ್ತಿಲ್ಲದೆ ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ.

ಕೊಳವೆಬಾವಿಯವರ ಲೆಕ್ಕ ಇನ್ನೂ ತಿರುಗುಮುರುಗು. ಅವರು ನೆಲದಿಂದ ಕೆಳಕ್ಕೆ ಎಣಿಸುತ್ತಾರೆ. ‘ನೀರು ನಾನೂರು ಅಡಿಗೆ ಹೋಯ್ತು’ ಎಂದರೆ ನೀರಿನ ಮಟ್ಟ ಕುಸಿದಿದೆ ಎಂದರ್ಥ. ಅಂಕಿ ಏರಿದಷ್ಟೂ ನೀರು ಇಳಿದಂತೆ.

ಗಾರೆ ಕೆಲಸದವರ ಬಾಯಲ್ಲಿ ‘ವಾಟರ್ ಲೆವೆಲ್’ ಎಂದರೆ ಉಪಕರಣವೂ ಹೌದು, ಅದು ತೋರಿಸುವ ಮಟ್ಟವೂ ಹೌದು. ಉಪಕರಣ ಎಂದರೆ ನೀರು ತುಂಬಿದ ಪಾರದರ್ಶಕ ಪೈಪ್, ಅಷ್ಟೇ. ಅದು ಯಾವ ಅಂಕಿಯನ್ನೂ ಹೇಳುವುದಿಲ್ಲ. ಎರಡು ತುದಿಯ ನೀರು ಒಂದೇ ಎತ್ತರದಲ್ಲಿದೆ ಎನ್ನುವುದೊಂದನ್ನು ಮಾತ್ರ ಹೇಳುತ್ತದೆ. ಎತ್ತರ ಎಷ್ಟು, ಎಲ್ಲಿಂದ ಎನ್ನುವುದನ್ನು ನೀವೇ ತೀರ್ಮಾನಿಸಿ ಗೋಡೆಯ ಮೇಲೆ ಬರೆಯಬೇಕು. ಜಲಾಶಯದ ಎಂಜಿನಿಯರ್‌ಗೆ ಸಮುದ್ರ ಹೇಗೋ ನಿಮ್ಮ ಮನೆಗೆ ಆ ಒಂದು ಗೆರೆ ಹಾಗೆ. ಕೆಳಗೆ ಅದನ್ನು ‘ಮೂಲ ಗುರುತು’ ಎಂದು ಕರೆದಿದ್ದೇನೆ.

ರಸಮಟ್ಟ ಬೇರೆ. ಗುಳ್ಳೆ ಇರುವ ಎರಡಡಿಯ ಪಟ್ಟಿ ಅದು. ಅದರ ಭರವಸೆ ಎರಡಡಿಗೆ ಮಾತ್ರ. ರಸಮಟ್ಟವನ್ನು ಒಂದರ ಮುಂದೆ ಒಂದು ಇಟ್ಟುಕೊಂಡು ನಲವತ್ತು ಅಡಿ ಗೋಡೆಯ ಮಟ್ಟ ಹಿಡಿಯಲು ಹೋಗಬೇಡಿ.

ಹಂತ 1: ಸಾಮಾನು

ಪಾರದರ್ಶಕ ಪೈಪ್ ಬೇಕು. ಒಳಗಿನ ಅಡ್ಡಳತೆ 8ರಿಂದ 10 ಮಿ.ಮೀ. ಇದಕ್ಕಿಂತ ಸಣ್ಣದರಲ್ಲಿ ನೀರು ನಿಲ್ಲಲು ತಡ, ಗುಳ್ಳೆ ಹೊರಡುವುದಿಲ್ಲ. ಉದ್ದ ಎಷ್ಟು ಎಂದರೆ, 30×40 ನಿವೇಶನಕ್ಕೆ ಮೂಲೆಯಿಂದ ಮೂಲೆಗೇ 50 ಅಡಿ ಆಗುತ್ತದೆ. ತುದಿ ಎತ್ತಿ ಹಿಡಿಯಲು ಎರಡು ಕಡೆ ಐದೈದು ಅಡಿ ಬೇಕು. 65 ಅಡಿ ತಂದರೆ ಒಳ್ಳೆಯದು. ಅರ್ಧ ದಾರಿಗೆ ಪೈಪ್ ಸಾಲದೆ ನಡುವೆ ಜೋಡಣೆ ಹಾಕಿದವರ ಕೆಲಸದಲ್ಲಿ ಆ ಜೋಡಣೆಯಲ್ಲೇ ಗಾಳಿ ಸೇರಿಕೊಂಡಿರುತ್ತದೆ. ಜೋಡಣೆ ಇಲ್ಲದ ಒಂದೇ ತುಂಡು ಕೇಳಿ ತನ್ನಿ.

ಹಳೆಯ ಪೈಪ್ ಮನೆಯಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ. ಒಳಗೆ ಪಾಚಿ ಕಟ್ಟಿದ್ದರೆ ಅಥವಾ ಹಳದಿಯಾಗಿ ಗಟ್ಟಿಯಾಗಿದ್ದರೆ ಎಸೆಯಿರಿ. ಗಟ್ಟಿಯಾದ ಪೈಪ್ ಮಡಿಕೆ ಬಿದ್ದರೆ ಮತ್ತೆ ತೆರೆದುಕೊಳ್ಳುವುದಿಲ್ಲ.

ಉಳಿದದ್ದು: ಒಂದು ಬಕೆಟ್, ಸೀಸದ ಕಡ್ಡಿ, ಟೇಪು, ಸುಣ್ಣದ ಪುಡಿ ಅಥವಾ ನೀಲಿ ಹಚ್ಚಿದ ದಾರ, ಮೊಳೆ, ತೂಗುಗುಂಡು. ಮುಖ್ಯವಾಗಿ, ಮಾತು ಕೇಳುವ ಇನ್ನೊಬ್ಬರು. ಈ ಕೆಲಸ ಒಬ್ಬರಿಂದ ಆಗದು ಎಂದಲ್ಲ. ಒಂದು ತುದಿಯನ್ನು ಮೊಳೆಗೆ ಕಟ್ಟಿ ಮಾಡಬಹುದು. ಆದರೆ ಮೊದಲ ಸಲ ಮಾಡುವವರು ಹಾಗೆ ಮಾಡಬೇಡಿ.

ಚಾಕ್‌ಪೀಸ್ ಬಳಸಬೇಡಿ. ಚಾಕಿನ ಗೆರೆಯೇ ಒಂದೂವರೆ ನೂಲು ದಪ್ಪ ಇರುತ್ತದೆ. ಗಾರೆ, ಮರಗೆಲಸದವರ ಲೆಕ್ಕದಲ್ಲಿ ಒಂದು ನೂಲು ಎಂದರೆ ಇಂಚಿನ ಎಂಟರಲ್ಲಿ ಒಂದು ಭಾಗ, ಸುಮಾರು 3 ಮಿ.ಮೀ. ಗೆರೆಯ ಮೇಲಂಚೋ ಕೆಳಅಂಚೋ ಎಂಬ ಜಗಳದಲ್ಲೇ ಅಷ್ಟು ವ್ಯತ್ಯಾಸ ಬಂದುಬಿಡುತ್ತದೆ.

ಹಂತ 2: ಪೈಪಿಗೆ ನೀರು ತುಂಬುವುದು

ಇಲ್ಲಿ ಆತುರ ಮಾಡಿದವರೇ ಹೆಚ್ಚು ಕೆಡಿಸಿಕೊಳ್ಳುವುದು. ನಲ್ಲಿಗೆ ಪೈಪ್ ಸಿಕ್ಕಿಸಿ ತುಂಬಿದರೆ, ಅಥವಾ ಚೊಂಬಿನಿಂದ ಸುರಿದರೆ, ನೀರಿಗಿಂತ ಗುಳ್ಳೆಯೇ ಹೆಚ್ಚು ಹೋಗುತ್ತದೆ.

ಬಕೆಟ್ಟನ್ನು ಹಿಂದಿನ ರಾತ್ರಿಯೇ ತುಂಬಿಡಿ. ನಲ್ಲಿಯಿಂದ ಆಗಷ್ಟೇ ಹಿಡಿದ ನೀರಿನಲ್ಲಿ ಗಾಳಿ ಕರಗಿರುತ್ತದೆ. ಪೈಪಿನಲ್ಲಿ ಸ್ವಲ್ಪ ಬಿಸಿಯಾದೊಡನೆ ಅದು ಗುಳ್ಳೆಯಾಗಿ ಗೋಡೆಗೆ ಅಂಟುತ್ತದೆ. ಬೆಳಿಗ್ಗೆ ಬಕೆಟ್ಟನ್ನು ಕುರ್ಚಿ ಅಥವಾ ಕಟ್ಟೆಯ ಮೇಲಿಡಿ. ಪೈಪಿನ ಒಂದು ತುದಿಗೆ ಸಣ್ಣ ಕಲ್ಲು ಕಟ್ಟಿ ಬಕೆಟ್ಟಿನ ತಳಕ್ಕೆ ಮುಳುಗಿಸಿ. ಪೈಪನ್ನು ನೆಲದ ಮೇಲೆ ಸುರುಳಿಯಿಲ್ಲದೆ ಉದ್ದಕ್ಕೆ ಬಿಡಿಸಿ. ಇನ್ನೊಂದು ತುದಿಯನ್ನು ಕೆಳಗೆ ಹಿಡಿದು ಬಾಯಿಂದ ಎಳೆಯಿರಿ. ನೀರು ಬರಲು ಶುರುವಾದ ಮೇಲೆ ಹಾಗೆಯೇ ಹರಿಯಲು ಬಿಡಿ. 50 ಅಡಿಯ 10 ಮಿ.ಮೀ. ಪೈಪಿನಲ್ಲಿ ಹಿಡಿಯುವುದು ಸುಮಾರು 1.2 ಲೀಟರ್. ಕನಿಷ್ಠ ಅದರ ಎರಡು ಪಟ್ಟು ನೀರು ಹರಿದು ಹೋಗಲಿ.

ಅಷ್ಟರಲ್ಲಿ ನಿಮ್ಮ ಜೊತೆಯವರು ಬಕೆಟ್ಟಿನ ಕಡೆಯಿಂದ ಹೊರಟು ಪೈಪನ್ನು ಬೆರಳಿನಿಂದ ತಟ್ಟುತ್ತಾ, ಒಂದೊಂದು ಮೊಳವನ್ನು ಸ್ವಲ್ಪ ಎತ್ತುತ್ತಾ ಕೊನೆಯವರೆಗೆ ಬರಲಿ. ಗುಳ್ಳೆ ಎತ್ತರದ ಕಡೆಗೆ ಓಡುತ್ತದೆ, ಹರಿವಿನ ಜೊತೆ ಹೊರಗೆ ಹೋಗುತ್ತದೆ.

ಬಣ್ಣ ಬೇಕೆಂದರೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಸಾಕು. ಕುಂಕುಮ ತಳದಲ್ಲಿ ಕೂರುತ್ತದೆ, ಅರಿಸಿನ ಪೈಪಿಗೇ ಅಂಟುತ್ತದೆ, ಸೋಪಿನ ನೀರು ನೊರೆಯಾಗುತ್ತದೆ.

ಕೊನೆಗೆ ಎರಡೂ ತುದಿಗಳನ್ನು ಒಟ್ಟಿಗೆ ಎತ್ತಿ ಹಿಡಿದಾಗ ಒಂದೊಂದರಲ್ಲಿ ಒಂದು–ಒಂದೂವರೆ ಅಡಿ ಖಾಲಿ ಇರಬೇಕು. ತುಂಬ ತುಂಬಿಸಿದರೆ ನಡೆಯುವಾಗ ಚೆಲ್ಲುತ್ತದೆ. ಕಡಿಮೆಯಾದರೆ ನೀರು ಕಣ್ಣಿಗೆ ಸಿಗದಷ್ಟು ಕೆಳಗೆ ಇಳಿಯುತ್ತದೆ.

ಗುಳ್ಳೆ ಎಷ್ಟು ಕೆಟ್ಟದ್ದು?

ಪೈಪಿನ ಒಳಗೋಡೆಗೆ ಅಂಟಿದ ಸಾಸಿವೆ ಗಾತ್ರದ ಗುಳ್ಳೆ ತಾನಾಗಿ ಏನೂ ಮಾಡದು, ಏಕೆಂದರೆ ಅದರ ಪಕ್ಕದಲ್ಲಿ ನೀರಿನ ಸಂಪರ್ಕ ಉಳಿದಿರುತ್ತದೆ. ತೊಂದರೆ ಕೊಡುವುದು ಪೈಪಿನ ಅಡ್ಡಗಲವನ್ನು ಪೂರ್ತಿ ಮುಚ್ಚಿ ಕೂತ ಗಾಳಿ. ನೆಟ್ಟಗೆ ನಿಂತ ಭಾಗದಲ್ಲಿ ಅಂಥದ್ದು ಎರಡು ಇಂಚು ಉದ್ದ ಇದ್ದರೆ ಆ ತುದಿಯ ನೀರು ಎರಡು ಇಂಚು ಮೇಲೆ ತೋರಿಸುತ್ತದೆ. ಅಷ್ಟಕ್ಕಷ್ಟೇ ತಪ್ಪು. ಹಾಗೆಂದು ಸಣ್ಣವನ್ನು ಬಿಟ್ಟುಬಿಡಬೇಡಿ. ಪೈಪ್ ಎಳೆದಾಡುವಾಗ ಹತ್ತು ಸಣ್ಣವು ಸೇರಿ ಒಂದು ದೊಡ್ಡದಾಗುತ್ತದೆ.

ಹಂತ 3: ಪೈಪನ್ನೇ ಪರೀಕ್ಷೆ ಮಾಡಿ

ಎರಡೂ ತುದಿಗಳನ್ನು ತಂದು ಒಂದೇ ಗೋಡೆಗೆ ಅಕ್ಕಪಕ್ಕ ಒತ್ತಿ ಹಿಡಿಯಿರಿ. ನೀರು ಒಂದೇ ಗೆರೆಯಲ್ಲಿ ನಿಲ್ಲಬೇಕು. ಈಗ ಒಂದು ತುದಿಯನ್ನು ಅರ್ಧ ಅಡಿ ಎತ್ತಿ, ಕಾಯಿರಿ. ನೀರು ಒಂದೆರಡು ಸಲ ತೂಗಾಡಿ ಮತ್ತೆ ಒಂದೇ ಎತ್ತರಕ್ಕೆ ಬರಬೇಕು. ನಂತರ ತುದಿಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ನೋಡಿ.

ಒಂದು ತುದಿ ಪ್ರತಿ ಸಲವೂ ಮೇಲೇ ನಿಂತರೆ ಒಳಗೆ ಗಾಳಿ ಇದೆ. ಹಂತ 2ಕ್ಕೆ ಹಿಂದಿರುಗಿ. ಅರ್ಧ ನಿಮಿಷ ಕಳೆದರೂ ನೀರು ಜಾರುತ್ತಲೇ ಇದ್ದರೆ ಎಲ್ಲೋ ಮಡಿಕೆ ಬಿದ್ದಿದೆ ಅಥವಾ ಕಸ ಸಿಕ್ಕಿದೆ. ನೀರು ತೂಗಾಡದೆ ಒಮ್ಮೆಗೇ ಸ್ತಬ್ಧವಾಗಿ ನಿಂತುಬಿಟ್ಟರೆ ಖುಷಿಪಡಬೇಡಿ. ಯಾರದೋ ಕಾಲು ಪೈಪಿನ ಮೇಲಿದೆ.

ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಪೈಪ್ ಯಾರಾದರೂ ಎಡವಿದಾಗ ಒಮ್ಮೆ ಮಾಡಿ.

ಹಂತ 4: ಮೂಲ ಗುರುತು

ಎಲ್ಲ ಎತ್ತರಗಳೂ ಇದೊಂದರಿಂದ ಹೊರಡಬೇಕು. ಪಾಯಕ್ಕೆ ಮೊದಲು ಇದನ್ನು ರಸ್ತೆಯಿಂದ ತೆಗೆದುಕೊಳ್ಳಿ. ಮನೆಯ ಮುಂದಿನ ರಸ್ತೆಯ ಅಂಚಿನಿಂದಲ್ಲ, ಚರಂಡಿಯಿಂದಲೂ ಅಲ್ಲ. ರಸ್ತೆಯ ನಡುವೆ ಎಲ್ಲಕ್ಕಿಂತ ಎತ್ತರದ ಜಾಗದಿಂದ. ಪ್ಲಿಂತ್ (ಪಾಯದ ಮೇಲೆ ಮನೆಯ ನೆಲ ಕೂರುವ ಕಟ್ಟೆ) ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ., ಅಂದರೆ ಒಂದೂವರೆ ಅಡಿ ಎತ್ತರ ಇರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ನಮ್ಮ ಊರುಗಳಲ್ಲಿ ಹಳೆಯ ಡಾಂಬರನ್ನು ಕೆತ್ತದೆ ಅದರ ಮೇಲೇ ಹೊಸದು ಹಾಕುತ್ತಾ ಹೋಗುವುದರಿಂದ ಒಂದಡಿ ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ ಎಂದು ನನ್ನ ಅನಿಸಿಕೆ. ಇಪ್ಪತ್ತು ವರ್ಷ ಹಳೆಯ ಬೀದಿಯಲ್ಲಿ ರಸ್ತೆಯಿಂದ ಮೆಟ್ಟಿಲಿಳಿದು ಒಳಗೆ ಹೋಗುವ ಮನೆಗಳನ್ನು ನೀವೂ ನೋಡಿರುತ್ತೀರಿ.

ಗುರುತನ್ನು ಎಲ್ಲಿ ಹಾಕಬೇಕು? ಅಲುಗಾಡದ, ಯಾರೂ ಒಡೆಯದ, ಬಣ್ಣ ಬಳಿಯದ ಜಾಗದಲ್ಲಿ. ಪಕ್ಕದ ಮನೆಯ ಕಾಂಪೌಂಡ್ ಗೋಡೆ (ಕೇಳಿಕೊಂಡು), ಹೂತಿಟ್ಟ ಕಲ್ಲುಕಂಬ, ವಿದ್ಯುತ್ ಕಂಬದ ಬುಡ. ಮಣ್ಣಿಗೆ ಬಡಿದ ಗೂಟದ ಮೇಲೆ ಹಾಕಬೇಡಿ. ಜಲ್ಲಿ ಲಾರಿ ಹಿಂದಕ್ಕೆ ಬಂದ ದಿನ ಅದು ಮುಗಿಯಿತು. ಸೆಂಟ್ರಿಂಗ್ ಹಲಗೆಯ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರಲು ಕಟ್ಟುವ ಹಲಗೆ) ಮೇಲೆ, ಇಟ್ಟಿಗೆ ರಾಶಿಯ ಮೇಲೆ ಗುರುತು ಹಾಕಿದವರನ್ನೂ ಕಂಡಿದ್ದೇನೆ. ಹೇಳಲು ನಗು ಬರುತ್ತದೆ, ಆದರೆ ಆ ಗಳಿಗೆಯಲ್ಲಿ ಹತ್ತಿರದಲ್ಲಿ ಏನು ಸಿಗುತ್ತದೋ ಅದಕ್ಕೇ ಗೆರೆ ಎಳೆಯುವುದು ಎಲ್ಲರ ಅಭ್ಯಾಸ.

ಸೀಸದ ಕಡ್ಡಿಯಿಂದ ತೆಳು ಅಡ್ಡಗೆರೆ ಎಳೆದು, ಅದರ ಮೇಲೆ ತಲೆಕೆಳಗಾದ ತ್ರಿಕೋನ ಬರೆದು, ತುದಿ ಗೆರೆಗೆ ತಾಗುವಂತೆ ಮಾಡಿ. ಪಕ್ಕದಲ್ಲಿ ‘ರಸ್ತೆ + 3 ಅಡಿ’ ಎನ್ನುವಂತೆ ಬರೆಯಿರಿ. ಬರೆಯದೆ ಬಿಟ್ಟ ಗುರುತು ಮೂರು ತಿಂಗಳ ನಂತರ ಬರೀ ಗೀಚು. ಇದೇ ಎತ್ತರದ ಇನ್ನೊಂದು ಗುರುತನ್ನು ನಿವೇಶನದ ಇನ್ನೊಂದು ಬದಿಯಲ್ಲಿ ಇಟ್ಟಿರಿ, ಮೊದಲನೆಯದು ಅಳಿಸಿಹೋದರೆ ಬೇಕಾಗುತ್ತದೆ.

ಹಂತ 5: ಗುರುತು ಸಾಗಿಸುವುದು

ಮೂಲ ಗುರುತಿನ ಬಳಿ ಒಬ್ಬರು, ಹೊಸ ಜಾಗದಲ್ಲಿ ಒಬ್ಬರು. ನಡೆಯುವಾಗ ಇಬ್ಬರೂ ತಮ್ಮ ತುದಿಗೆ ಹೆಬ್ಬೆರಳು ಒತ್ತಿರಬೇಕು, ಇಲ್ಲದಿದ್ದರೆ ಕೆಳಗಿರುವ ತುದಿಯಿಂದ ನೀರೆಲ್ಲ ಹೋಗುತ್ತದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ತುದಿ ಹಿಡಿದ ಮೇಲೆ, ಕೂಗಿ ಹೇಳಿ, ಒಟ್ಟಿಗೆ ಹೆಬ್ಬೆರಳು ತೆಗೆಯಬೇಕು. ಎರಡೂ ತುದಿಗೆ ಗಾಳಿ ತಾಗದಿದ್ದರೆ ಮುಚ್ಚಿದ ಕಡೆಯ ನೀರು ಒಳಗಿನ ಗಾಳಿಯನ್ನು ಒತ್ತಿಕೊಂಡು ಎಲ್ಲೆಂದರಲ್ಲಿ ನಿಲ್ಲುತ್ತದೆ. ಇದು ಹೊಸಬರ ಮೊದಲ ತಪ್ಪು. ಎಷ್ಟು ಹೇಳಿದರೂ ಆಗುತ್ತದೆ, ಆದ್ದರಿಂದ “ಬೆರಳು ತೆಗೆದಿಯೇನಪ್ಪಾ?” ಎಂದು ಪ್ರತಿ ಸಲ ಕೇಳಿ.

ಈಗ ಹೊಸ ಜಾಗದವರು ಅಲುಗಾಡದೆ ನಿಲ್ಲಬೇಕು. ಮೂಲ ಗುರುತಿನ ಬಳಿ ಇರುವವರು ಮಾತ್ರ ತಮ್ಮ ತುದಿಯನ್ನು ಮೇಲೆ ಕೆಳಗೆ ಮಾಡಿ ನೀರನ್ನು ಗೆರೆಗೆ ತರಬೇಕು. ಇಬ್ಬರೂ ಒಟ್ಟಿಗೆ ಆಡಿಸಿದರೆ ಸಂಜೆಯವರೆಗೆ ನಿಂತರೂ ಮುಗಿಯದು. ಕಾರಣ ಸುಲಭ: ನೆಲದ ಮೇಲೆ ಸಡಿಲವಾಗಿ ಬಿದ್ದ ಪೈಪಿನ ಒಂದು ತುದಿಯನ್ನು ಎರಡು ಇಂಚು ಎತ್ತಿದರೆ ಎರಡೂ ಕಡೆಯ ನೀರು ಒಂದೊಂದು ಇಂಚು ಏರುತ್ತದೆ. ನೀವು ಎತ್ತಿದಿರಿ, ಅವರ ಕಡೆ ಏರಿತು. ಅವರು ಇಳಿಸಿದರು, ನಿಮ್ಮ ಕಡೆ ಇಳಿಯಿತು. ಒಬ್ಬರನ್ನೊಬ್ಬರು ಬೆನ್ನಟ್ಟುತ್ತಾ ಇರುತ್ತೀರಿ.

ಗೆರೆಗೆ ಬಂದ ಮೇಲೆ ಹತ್ತು ಎಣಿಸಿ. ಮೂಲ ಗುರುತಿನವರು “ಇದೆ, ಹೊಡಿ” ಎನ್ನಬೇಕು, ಇನ್ನೊಬ್ಬರು ತಮ್ಮ ಕಡೆಯ ನೀರಿನ ಎತ್ತರಕ್ಕೆ ಗುರುತು ಹಾಕಬೇಕು. ಹಾಕಿದ ಮೇಲೆ ಇನ್ನೊಮ್ಮೆ “ಇದೆಯಾ?” ಎಂದು ಕೇಳಬೇಕು. ಗುರುತು ಹಾಕುವ ಕೈ ಪೈಪಿಗೆ ತಾಗಿ ನೀರು ಅಲುಗಿರುವ ಸಾಧ್ಯತೆ ಇರುತ್ತದೆ.

ಪೈಪಿನೊಳಗೆ ನೀರಿನ ಮೇಲ್ಮೈ ಅಂಚಿನಲ್ಲಿ ಸ್ವಲ್ಪ ಮೇಲೆದ್ದು ನಡುವೆ ತಗ್ಗಿರುತ್ತದೆ. ತಗ್ಗಿನ ತಳವನ್ನೇ ನೋಡಿ, ಎರಡೂ ಕಡೆಯವರೂ ಅದನ್ನೇ ನೋಡಿ. ಕಣ್ಣು ನೀರಿನ ಎತ್ತರಕ್ಕೇ ಇರಬೇಕು. ಕುಳ್ಳಗಿರುವವರು ಕಲ್ಲು ಹಾಕಿಕೊಂಡು ಹತ್ತಿ, ಎತ್ತರದವರು ಮೊಣಕಾಲೂರಿ.

ಬಿಸಿಲಿನ ಲೆಕ್ಕ

ನನ್ನ ಸ್ವಂತ ಮನೆಯ ಹಿಂಭಾಗದ ಗುರುತು ಮೂರು ನೂಲು ಮೇಲೆ ಹೋಯಿತು. ಪೈಪಿನಲ್ಲಿ ಗಾಳಿ ಇರಲಿಲ್ಲ, ಹೆಬ್ಬೆರಳೂ ಇರಲಿಲ್ಲ. ಮೂರು ಸಲ ನೋಡಿದರೂ ಅಷ್ಟೇ ತೋರಿಸಿತು. ಮರುದಿನ ಬೆಳಿಗ್ಗೆ ನೋಡಿದರೆ ಸರಿಯಾಗಿತ್ತು. ಹಿಂದಿನ ದಿನ ಮಧ್ಯಾಹ್ನ ನನ್ನ ತುದಿ ನೆರಳಿನಲ್ಲಿತ್ತು, ಹಿಂಭಾಗದ ತುದಿ ಏಪ್ರಿಲ್ ಬಿಸಿಲಿನಲ್ಲಿ ಕಾದ ಗೋಡೆಗೆ ಅಂಟಿಕೊಂಡಿತ್ತು.

ಬಿಸಿ ನೀರು ಹಗುರ. 20 ಡಿಗ್ರಿಯ ನೀರಿಗಿಂತ 40 ಡಿಗ್ರಿಯದು ಶೇಕಡಾ 0.6ರಷ್ಟು ಹಗುರ. ನೆಟ್ಟಗೆ ನಿಂತ ಭಾಗ ಐದು ಅಡಿ ಇದ್ದು ಒಂದು ಕಡೆ ಮಾತ್ರ ಹೀಗೆ ಕಾದರೆ, ಆ ಕಡೆಯ ನೀರು ಸುಮಾರು 9 ಮಿ.ಮೀ. ಎತ್ತರಕ್ಕೆ ನಿಲ್ಲುತ್ತದೆ. ನೆಲದ ಮೇಲೆ ಮಲಗಿದ ಭಾಗ ಕಾದರೆ ಚಿಂತೆಯಿಲ್ಲ. ಲೆಕ್ಕಕ್ಕೆ ಬರುವುದು ನಿಂತ ಭಾಗ ಮಾತ್ರ. ಹಾಗಾಗಿ ಮಟ್ಟದ ಕೆಲಸ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಆಗದಿದ್ದರೆ ಎರಡೂ ತುದಿ ನೆರಳಿನಲ್ಲಿರಲಿ ಅಥವಾ ಎರಡೂ ಬಿಸಿಲಿನಲ್ಲಿರಲಿ. ಪೈಪನ್ನು ಆಗಾಗ ಎತ್ತಿ ಇಳಿಸಿ ನೀರು ಒಳಗೆ ಕಲೆಯುವಂತೆ ಮಾಡಿ.

ಹಂತ 6: ಸುತ್ತು ಮುಗಿಸಿ ತಾಳೆ ನೋಡುವುದು

ಮೊದಲ ಮೂಲೆಯಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಎಂದು ಗುರುತು ದಾಟಿಸುತ್ತಾ ಹೋಗುವುದು ನಾನು ಕಾಣುವ ದೊಡ್ಡ ತಪ್ಪು. ಒಂದೊಂದು ದಾಟಿಗೆ ಒಂದೊಂದು ನೂಲು ಒಂದೇ ಕಡೆಗೆ ತಪ್ಪಿದರೆ, ನಾಲ್ಕನೆಯ ದಾಟಿಗೆ ಅರ್ಧ ಇಂಚು ಸೇರಿರುತ್ತದೆ. ಈ ಬರಹದ ಮೊದಲ ಸಾಲಿನ ಲಿಂಟಲ್ ಹಾಗೆಯೇ ಇಳಿದದ್ದು.

ಮೂಲ ಗುರುತಿನವರು ಅಲ್ಲೇ ನಿಂತಿರಲಿ. ಇನ್ನೊಬ್ಬರು ತುದಿ ಹಿಡಿದು ಎಲ್ಲ ಮೂಲೆಗೂ ಹೋಗಿ ಬರಲಿ. ಆಗ ಒಂದು ಮೂಲೆಯ ತಪ್ಪು ಇನ್ನೊಂದಕ್ಕೆ ಅಂಟುವುದಿಲ್ಲ. ಪೈಪ್ ಸಾಲದಷ್ಟು ದೊಡ್ಡ ಕಟ್ಟಡವಾದರೆ ಮಾತ್ರ ದಾಟಿಸಿ. ಆಗ ಸುತ್ತು ಹೊಡೆದು ಹೊರಟ ಗುರುತಿಗೇ ವಾಪಸ್ ಬನ್ನಿ. ಬಂದಾಗ ಒಂದು ನೂಲಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಪೂರ್ತಿ ಸುತ್ತನ್ನು ಅಳಿಸಿ ಮತ್ತೆ ಮಾಡಿ. ವ್ಯತ್ಯಾಸವನ್ನು ನಾಲ್ಕು ಮೂಲೆಗೆ ಹಂಚಿಬಿಡೋಣ ಎಂದು ಮೇಸ್ತ್ರಿ ಹೇಳಬಹುದು. ತಪ್ಪು ಎಲ್ಲಿ ಆಯಿತು ಎಂದು ತಿಳಿಯದೆ ಹಂಚಿದರೆ ಸರಿ ಇದ್ದ ಮೂರು ಮೂಲೆಗಳೂ ಕೆಡುತ್ತವೆ.

ಮಟ್ಟ ಬೇರೆ, ಮೂಲೆ ಬೇರೆ ಎನ್ನುವುದೂ ನೆನಪಿರಲಿ. ನಾಲ್ಕು ಗುರುತು ಒಂದೇ ಮಟ್ಟದಲ್ಲಿದ್ದ ಮಾತ್ರಕ್ಕೆ ಮನೆ ಚೌಕವಾಗಿದೆ ಎಂದಲ್ಲ. ಅದಕ್ಕೆ ಕರ್ಣಗಳನ್ನು ಅಳೆಯಬೇಕು.

ಹಂತ 7: ಗೆರೆಯಿಂದ ಕೆಲಸಕ್ಕೆ

ಗೋಡೆ ಎದ್ದ ಮೇಲೆ ಮನೆಯೊಳಗೆ ಎಲ್ಲ ಕೋಣೆಗೂ ಸುತ್ತು ಬರುವಂತೆ ಒಂದು ‘ಮೂರಡಿ ಗೆರೆ’ ಹಾಕಿಕೊಳ್ಳಿ. ಪೈಪಿನ ಗುರುತುಗಳ ನಡುವೆ ನೀಲಿ ಹಚ್ಚಿದ ದಾರ ಬಿಗಿದು ಚಿಮ್ಮಿಸಿದರೆ ಗೆರೆ ಬೀಳುತ್ತದೆ. ಗೋಡೆ ಅಡ್ಡ ಬಂದರೂ ಪೈಪ್ ಬಾಗಿಲ ಮೂಲಕ ತಿರುಗಿ ಹೋಗುತ್ತದೆ. ಲೇಸರ್ ಇದ್ದವರೂ ಇದನ್ನು ಬಿಡದಿರುವುದು ಈ ಕಾರಣಕ್ಕೇ. ಅಂದಹಾಗೆ ಲೇಸರ್ ಯಂತ್ರ ಒಮ್ಮೆ ಕೆಳಗೆ ಬಿದ್ದಿದ್ದರೆ ಅದು ನೇರವಾಗಿದೆಯೇ ಎಂದು ಪೈಪಿನಿಂದಲೇ ನೋಡಿಕೊಳ್ಳಿ.

ಮೂರಡಿ ಎಂದರೆ ಎಲ್ಲಿಂದ ಮೂರಡಿ? ಟೈಲ್ಸ್ ಹಾಕಿ ಮುಗಿದ ನೆಲದಿಂದ. ಈಗ ಕಾಲಡಿ ಇರುವ ಒರಟು ಕಾಂಕ್ರೀಟಿನಿಂದ ಅಲ್ಲ. ಟೈಲ್ಸ್ ಮತ್ತು ಕೆಳಗಿನ ಗಾರೆ ಸೇರಿ ಸಾಮಾನ್ಯವಾಗಿ ಎರಡು–ಎರಡೂವರೆ ಇಂಚು ಆಗುತ್ತದೆ. ಗ್ರಾನೈಟ್ ಹಾಕುವುದಾದರೆ ಈಗಲೇ ತೀರ್ಮಾನಿಸಿ. ಇದನ್ನು ಮರೆತು ಬಾಗಿಲ ಚೌಕಟ್ಟು ನಿಲ್ಲಿಸಿ, ಕೊನೆಗೆ ಬಾಗಿಲಿನ ಕೆಳಗೆ ಎರಡಿಂಚು ಕೊಯ್ದ ಮನೆಗಳು ಪ್ರತಿ ಬೀದಿಯಲ್ಲೂ ಇವೆ.

ಈ ಗೆರೆಯಿಂದ ಎಲ್ಲವನ್ನೂ ಟೇಪಿನಲ್ಲಿ ಮೇಲೆ ಕೆಳಗೆ ಅಳೆಯಿರಿ. ಸಾಧಾರಣ ಕಿಟಕಿಯ ಕೆಳಅಂಚು ಗೆರೆಗೇ ಬರುತ್ತದೆ. ಏಳಡಿಯ ಲಿಂಟಲ್‌ನ ತಳ ಗೆರೆಯಿಂದ ನಾಲ್ಕಡಿ ಮೇಲೆ. ಸ್ವಿಚ್ ಬೋರ್ಡು, ಅಡುಗೆಮನೆಯ ಕಟ್ಟೆ, ನಲ್ಲಿಯ ಪಾಯಿಂಟು ಎಲ್ಲಕ್ಕೂ ಇದೇ ಆಧಾರ. ನೆಲದಿಂದ ಅಳೆಯಲು ಯಾರಿಗೂ ಬಿಡಬೇಡಿ, ಎಲೆಕ್ಟ್ರಿಷಿಯನ್‌ಗೂ ಸಹ.

ತಾರಸಿಯ ಸೆಂಟ್ರಿಂಗ್ ನೋಡುವಾಗ ಕೆಳಗಿನಿಂದ ಹಲಗೆಯ ತಳಕ್ಕೆ ಅಳೆಯುತ್ತೀರಿ, ಆದರೆ ಕಾಂಕ್ರೀಟ್ ಕೂರುವುದು ಹಲಗೆಯ ಮೇಲೆ. ಹಲಗೆಯ ದಪ್ಪ ಲೆಕ್ಕಕ್ಕೆ ಹಿಡಿಯಿರಿ. ಮೂಲೆಗಳಲ್ಲಿ ಮಾತ್ರವಲ್ಲ, ಕೋಣೆಯ ನಡುವೆಯೂ ಅಳೆಯಿರಿ. ಹಲಗೆಗೆ ಆಧಾರ ಕೊಟ್ಟ ಕಂಬಗಳ ಬುಡದಲ್ಲಿ ಹಸಿ ಮಣ್ಣಿದ್ದರೆ ಕಾಂಕ್ರೀಟಿನ ಭಾರಕ್ಕೆ ಇಳಿಯುತ್ತದೆ. ಹಿಂದಿನ ಸಂಜೆ ಅಳೆದಿದ್ದರೂ ಕಾಂಕ್ರೀಟ್ ಹಾಕುವ ಬೆಳಿಗ್ಗೆ ಇನ್ನೊಮ್ಮೆ ಅಳೆಯಿರಿ.

ಹಂತ 8: ಬೇಕೆಂದೇ ಮಟ್ಟ ತಪ್ಪಿಸುವ ಜಾಗಗಳು

ಬಚ್ಚಲು, ತಾರಸಿ, ಹಿತ್ತಿಲಿನ ಒಗೆಯುವ ಕಲ್ಲಿನ ಸುತ್ತ ನೆಲ ಮಟ್ಟವಾಗಿದ್ದರೆ ನೀರು ನಿಲ್ಲುತ್ತದೆ. ಆದರೆ ಇಳಿಜಾರು ಕೊಡಲೂ ಮೊದಲು ಮಟ್ಟದ ಗೆರೆ ಬೇಕು. ಬಚ್ಚಲಿನ ನಾಲ್ಕೂ ಗೋಡೆಗೆ ಪೈಪಿನಿಂದ ಗೆರೆ ಹಾಕಿ, ಗೆರೆಯಿಂದ ನೆಲಕ್ಕೆ ಇರುವ ಅಳತೆ ಜಾಲರಿಯ ಕಡೆಗೆ ಹೋಗುತ್ತಾ ಹೆಚ್ಚಾಗುವಂತೆ ಮಾಡಿ. ಬಚ್ಚಲಿಗೆ ಅಡಿಗೆ ಎರಡು ನೂಲು ಕೊಡಬಹುದು, ಅಂದರೆ ಆರಡಿಗೆ ಒಂದೂವರೆ ಇಂಚು. ತಾರಸಿಗೆ ನೂರಕ್ಕೆ ಒಂದು ಸಾಕು. ಹತ್ತಡಿಗೆ ಸುಮಾರು ಒಂದೂಕಾಲು ಇಂಚು.

ಟೈಲ್ಸ್‌ನ ಸಂದು ತುಂಬುವ ಮೊದಲು ಒಂದು ಬಕೆಟ್ ನೀರು ಸುರಿದು ನೋಡಿ. ಬಾಗಿಲ ಕಡೆಗೆ ಒಂದು ಹನಿ ಓಡಿದರೂ ಆಗಲೇ ಕೀಳಿಸಿ.

ಹಂತ 9: ಇದೇ ಪೈಪ್ ಹೊಲದಲ್ಲಿ

ಇಳಿಜಾರಿನ ಹೊಲದಲ್ಲಿ ಬದು ಹಾಕುವವರಿಗೆ ಗೋಡೆ ಇಲ್ಲ, ಹಾಗಾಗಿ ಎರಡು ಕೋಲು ಬೇಕು. ಐದಡಿಯ ನೇರ ಕೋಲುಗಳು, ತಳದಿಂದ ಮೇಲಕ್ಕೆ ಸೆಂಟಿಮೀಟರ್ ಬರೆದದ್ದು. ಪೈಪಿನ ಎರಡು ತುದಿಗಳನ್ನು ಇವಕ್ಕೆ ಕಟ್ಟಿ. ಸಡಿಲ ಮಣ್ಣಿನಲ್ಲಿ ಕೋಲು ಹೂತುಕೊಳ್ಳದಂತೆ ತಳಕ್ಕೆ ಚಪ್ಪಟೆ ಹಲಗೆಯ ತುಂಡು ಬಡಿಯಿರಿ. ಉತ್ತ ಮಣ್ಣಿನಲ್ಲಿ ಈ ತುಂಡು ಇಲ್ಲದೆ ಮಾಡಿದ ಅಳತೆ ನಂಬಬೇಡಿ.

ಮೊದಲು ಎರಡೂ ಕೋಲನ್ನು ಒಂದೇ ಜಾಗದಲ್ಲಿ ಅಕ್ಕಪಕ್ಕ ನಿಲ್ಲಿಸಿ. ಎರಡರಲ್ಲೂ ಒಂದೇ ಅಂಕಿ ಬರಬೇಕು. ನಂತರ ಒಬ್ಬರು ನಿಂತಲ್ಲೇ ನಿಲ್ಲಲಿ, ಇನ್ನೊಬ್ಬರು ಹತ್ತು ಮೀಟರ್ ಪಕ್ಕಕ್ಕೆ ಹೋಗಿ ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಯುತ್ತಾ ಎರಡೂ ಕೋಲಿನ ಅಂಕಿ ಒಂದೇ ಆಗುವ ಜಾಗ ಹುಡುಕಲಿ. ಸಿಕ್ಕಲ್ಲಿ ಗೂಟ. ಈಗ ಹಿಂದಿನವರು ಮುಂದೆ ಹೋಗಲಿ. ಗೂಟಗಳನ್ನು ಸೇರಿಸಿದರೆ ಒಂದೇ ಮಟ್ಟದ ಗೆರೆ ಬರುತ್ತದೆ. ಅದು ಹಾವಿನಂತೆ ಬಳುಕಿದರೆ ಗಾಬರಿಯಾಗಬೇಡಿ, ಹೊಲವೇ ಹಾಗಿರುತ್ತದೆ. ಟ್ರ್ಯಾಕ್ಟರಿಗೆ ಅನುಕೂಲವೆಂದು ತೀರ ಮೂಲೆ ಮುರಿದ ತಿರುವುಗಳನ್ನು ಸ್ವಲ್ಪ ಸವರಬಹುದು. ನೇರ ಗೆರೆ ಮಾಡಲು ಹೋದರೆ ಮೊದಲ ದೊಡ್ಡ ಮಳೆಗೆ ತಗ್ಗಿನ ಕಡೆ ನೀರು ಒಟ್ಟಾಗಿ ಬದು ಒಡೆಯುತ್ತದೆ.

ಇಳಿಜಾರು ಎಷ್ಟು ಎಂದು ಅಳೆಯುವಾಗ ಎಲ್ಲರೂ ತಲೆಕೆಳಗು ಮಾಡಿಕೊಳ್ಳುವ ಜಾಗ ಒಂದಿದೆ. ಅಂಕಿ ದೊಡ್ಡದಾಗಿ ಬಂದ ಕೋಲು ತಗ್ಗಿನಲ್ಲಿದೆ, ಎತ್ತರದಲ್ಲಿ ಅಲ್ಲ. ಒಂದು ಕೋಲಿನಲ್ಲಿ 92, ಇನ್ನೊಂದರಲ್ಲಿ 108 ಬಂದರೆ 108ರ ಕೋಲು ನಿಂತ ನೆಲ 16 ಸೆಂ.ಮೀ. ಕೆಳಗಿದೆ. ನಡುವೆ ಹತ್ತು ಮೀಟರ್ ಇದ್ದರೆ ಇಳಿಜಾರು ಶೇಕಡಾ 1.6. ಹೆಚ್ಚುವರಿ ನೀರನ್ನು ನಿಧಾನವಾಗಿ ಹಳ್ಳಕ್ಕೆ ಸಾಗಿಸುವ ಕಾಲುವೆ ಬೇಕಿದ್ದರೆ, ಪ್ರತಿ ಹತ್ತು ಮೀಟರಿಗೆ ಮುಂದಿನ ಕೋಲಿನ ಅಂಕಿ 2 ಸೆಂ.ಮೀ. ಹೆಚ್ಚಿರುವಂತೆ ಗೂಟ ಹಾಕುತ್ತಾ ಹೋಗಿ.

ಕೆಲಸ ನಿಲ್ಲಿಸಿ ನೋಡಬೇಕಾದ ಸೂಚನೆಗಳು

ಮಧ್ಯದಲ್ಲಿ ನೀರು ಚೆಲ್ಲಿದರೆ ಹಿಂದಿನ ಗುರುತುಗಳು ಕೆಡುವುದಿಲ್ಲ. ಮತ್ತೆ ಸ್ವಲ್ಪ ನೀರು ಹಾಕಿ, ಗಾಳಿ ಪರೀಕ್ಷೆ ಮಾಡಿ ಮುಂದುವರಿಯಿರಿ. ಆದರೆ ಪೈಪಿನ ಮೇಲೇ ಮಸಿಯಿಂದ ‘ಇಲ್ಲಿಗೆ ನೀರು’ ಎಂದು ಗುರುತು ಮಾಡಿಕೊಂಡು ಒಂದೇ ತುದಿ ನೋಡುತ್ತಾ ಹೋದವರಿಗೆ ಒಂದು ಚಮಚ ನೀರು ಹೋದರೂ ಎಲ್ಲ ತಪ್ಪು. ಎರಡೂ ತುದಿಯನ್ನು ಒಂದೇ ಗಳಿಗೆಯಲ್ಲಿ ನೋಡಿದ್ದು ಮಾತ್ರ ಅಳತೆ.

ಒಂದೇ ಗುರುತನ್ನು ಎರಡು ಸಲ ನೋಡಿದಾಗ ಎರಡು ಉತ್ತರ ಬಂದರೆ ಸರಾಸರಿ ತೆಗೆಯಬೇಡಿ, ಪೈಪ್ ಬಿಡಿಸಿ ನೋಡಿ. ಎರಡೂ ಸಲ ಒಂದೇ ತಪ್ಪು ಬಂದರೆ ಬಿಸಿಲನ್ನು ಅನುಮಾನಿಸಿ. ಪೈಪಿನ ಯಾವುದಾದರೂ ಭಾಗ ಎರಡು ತುದಿಗಳ ನೀರಿಗಿಂತ ಎತ್ತರದಲ್ಲಿ, ಕಿಟಕಿಯ ಮೇಲಿಂದಲೋ ಅರ್ಧ ಗೋಡೆಯ ಮೇಲಿಂದಲೋ ಹಾದುಹೋಗಿದ್ದರೆ ಅಲ್ಲೇ ಗಾಳಿ ಸೇರುತ್ತದೆ. ಕೆಳಗೆ ಇಳಿಸಿ, ಬಾಗಿಲಿನಿಂದ ತನ್ನಿ.

ಕೆಲಸ ಮುಗಿದ ದಿನ ಪೈಪಿನ ನೀರನ್ನು ಪೂರ್ತಿ ಖಾಲಿ ಮಾಡಿ, ಅಗಲವಾದ ಸುರುಳಿ ಸುತ್ತಿ, ಎರಡೂ ತುದಿ ಕೆಳಮುಖವಾಗಿರುವಂತೆ ನೆರಳಿನಲ್ಲಿ ತೂಗುಹಾಕಿ. ತುದಿ ಮೇಲಾಗಿ ಬಿಟ್ಟರೆ ಕಣಜ ಗೂಡು ಕಟ್ಟುತ್ತದೆ. ಆಮೇಲೆ ಆ ಮಣ್ಣನ್ನು ಪೈಪಿನಿಂದ ಹೊರಡಿಸುವ ಉಪಾಯ ನನಗಂತೂ ಇನ್ನೂ ಸಿಕ್ಕಿಲ್ಲ.